ಹೃದಯ ವೈಫಲ್ಯದ ರೋಗಿಯ ಆರೈಕೆ: ಕುಟುಂಬದವರಿಗೆ ಮಾಹಿತಿ

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ; ರಕ್ತವನ್ನು ತಳ್ಳುವ ಅದರ ಶಕ್ತಿ ಕುಂದಿ ಶರೀರದಲ್ಲಿ ನೀರು ಸಂಗ್ರಹವಾಗುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದವರಿಗೆ ಸಮೀಪದ ತಜ್ಞ ಚಿಕಿತ್ಸೆಯು ಕಲಬುರಗಿಯಲ್ಲಿದೆ. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಆದರೆ ಬಿಡುಗಡೆಯ ನಂತರದ ನಿಗಾ ಮನೆಯವರದೇ.

ರೋಗಿಯ ತೂಕವನ್ನು ಪ್ರತಿದಿನ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಉಪಾಹಾರಕ್ಕೆ ಮುನ್ನ ನೋಡಿ ಬರೆದಿಡತಕ್ಕದ್ದು. ಮೂರು ದಿನಗಳಲ್ಲಿ 2 ಕಿ.ಗ್ರಾಂ. ಹೆಚ್ಚಿದಲ್ಲಿ, ಪಾದಗಳು ಬಾತಲ್ಲಿ ಅಥವಾ ಹೆಚ್ಚುವರಿ ದಿಂಬಿಲ್ಲದೆ ಮಲಗಲಾಗದಿದ್ದಲ್ಲಿ, ಗ್ಯಾಸ್ ಎಂದು ಭಾವಿಸಿ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸುವುದು. ಕುಳಿತಲ್ಲೇ ಏದುಸಿರು ಬಂದರೆ 108ಕ್ಕೆ ಕರೆ ಮಾಡುವುದು.

ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಸಾಲದು. ರೊಟ್ಟಿಯೊಡನೆ ನಿತ್ಯ ಬಡಿಸುವ ಶೇಂಗಾ ಚಟ್ನಿಯಲ್ಲಿಯೂ ಉಪ್ಪಿದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಪ್ರಯಾಣದ ದಿನವೆಂದು ತಪ್ಪಿಸಬಾರದು. ಕಡುಬೇಸಿಗೆಯಲ್ಲಿ ತಲೆಸುತ್ತು ಬಂದರೆ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ನೀರು ಹಿಡಿದಿಡುವುದರಿಂದ ಅಪಾಯಕಾರಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯ. ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಒಂದೇ ಚೀಲದಲ್ಲಿಡುವುದು. ತುರ್ತು ಸಂದರ್ಭದಲ್ಲಿ ಶಿಫಾರಸಿಗಾಗಿ ಕಾಯಬೇಕಿಲ್ಲ.

ಆರೈಕೆಯು ಬಹುತೇಕ ಮನೆಗಳಲ್ಲಿ ಒಬ್ಬ ಸೊಸೆ ಅಥವಾ ಮಗಳ ಮೇಲೆ ಬೀಳುತ್ತದೆ. ರಾತ್ರಿಯ ಸರದಿಯನ್ನು ಇತರರೂ ಹಂಚಿಕೊಳ್ಳತಕ್ಕದ್ದು, ತೂಕದ ಪುಸ್ತಕ ಹಾಗೂ ಮಾತ್ರೆಗಳ ವಿವರ ಎಲ್ಲರಿಗೂ ತಿಳಿದಿರತಕ್ಕದ್ದು.