ಎಳೆಯ ಮಗುವಿನೊಡನೆ ವಿಮಾನಯಾನ: ಭದ್ರತಾ ತಪಾಸಣೆಯನ್ನು ದಾಟುವ ಬಗೆ

ಬೇಸಿಗೆಯ ರಜೆ, ಗಣೇಶ ಚತುರ್ಥಿ, ಕುಟುಂಬದ ದೈವದ ನೇಮ, ತಮ್ಮನ ಮದುವೆ – ಮುಂಬಯಿಯ ಕನ್ನಡ ಕುಟುಂಬಗಳಿಗೆ ಊರಿಗೆ ಹೊರಡಲು ಕಾರಣಗಳ ಕೊರತೆಯಿಲ್ಲ. ನಮ್ಮ ಹಿರಿಯರು ಬಸ್ಸಿನಲ್ಲಿ ಘಟ್ಟ ಇಳಿದು ಹೋದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿಯವರಿಗೆ ರೈಲು ಒದಗಿತು. ಈಗ ಎಳೆಯ ಮಕ್ಕಳಿರುವ ಅನೇಕ ಮನೆಗಳವರು ವಿಮಾನವನ್ನೇ ಆರಿಸಿಕೊಳ್ಳುತ್ತಿದ್ದಾರೆ. ಮುಂಬಯಿಯಿಂದ ಮಂಗಳೂರಿಗಾಗಲಿ ಬೆಂಗಳೂರಿಗಾಗಲಿ ಆಕಾಶದಲ್ಲಿ ಕಳೆಯುವ ಸಮಯ ಎರಡು ಗಂಟೆಗೂ ಕಡಿಮೆ. ಅಷ್ಟು ಹೊತ್ತು ಮಗುವನ್ನು ಹೇಗಾದರೂ ಸಂತೈಸಬಹುದು. ನಾವು ಕಂಡಂತೆ ತಾಯಂದಿರು ನಿಜವಾಗಿ ಅಂಜುವುದು ಭದ್ರತಾ ತಪಾಸಣೆಯ ಹತ್ತು ನಿಮಿಷಗಳಿಗೆ. ಅದರಲ್ಲಿಯೂ ಮಗುವಿನೊಡನೆ ಒಬ್ಬಳೇ ಹೊರಟವಳ ಪಾಡು ಹೇಳತೀರದು. ಆದುದರಿಂದ ಒಂದರಿಂದ ಮೂರು ವರ್ಷದ ಮಕ್ಕಳನ್ನು ಕರೆದೊಯ್ಯುವವರಿಗೆ ಉಪಯೋಗವಾಗುವ ವಿಷಯಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಟಿಕೇಟು ಮತ್ತು ದಾಖಲೆಗಳು

ಎರಡು ವರ್ಷ ತುಂಬದ ಮಗುವನ್ನು ವಿಮಾನ ಸಂಸ್ಥೆಗಳು ಶಿಶುವೆಂದು ಪರಿಗಣಿಸುತ್ತವೆ. ಅದಕ್ಕೆ ಪ್ರತ್ಯೇಕ ಆಸನವಿಲ್ಲ, ಹಿರಿಯರ ಮಡಿಲೇ ಆಸನ. ಆದರೂ ಅದರ ಹೆಸರಿನಲ್ಲಿ ಟಿಕೇಟು ಇರಲೇಬೇಕು. ಲೆಕ್ಕಕ್ಕೆ ಬರುವುದು ಪ್ರಯಾಣದ ದಿನದ ವಯಸ್ಸೇ ಹೊರತು ಟಿಕೇಟು ಕೊಂಡ ದಿನದ್ದಲ್ಲ. ಊರಿನಲ್ಲಿ ಅಜ್ಜಿಯ ಮನೆಯಲ್ಲಿಯೇ ಎರಡನೆಯ ಹುಟ್ಟುಹಬ್ಬ ಆಚರಿಸಬೇಕೆಂದಿದ್ದರೆ, ಹಿಂದಿರುಗುವಾಗ ಮಗುವಿಗೆ ಸ್ವಂತ ಆಸನ ಕೊಳ್ಳಬೇಕಾಗುತ್ತದೆ. ಒಬ್ಬ ಹಿರಿಯರು ಒಂದೇ ಶಿಶುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಅವಳಿ ಮಕ್ಕಳೊಡನೆ ಒಬ್ಬರೇ ಹೊರಟವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ದೇಶದೊಳಗಿನ ಪ್ರಯಾಣದಲ್ಲಿ ಜೊತೆಗಿರುವ ಹೆತ್ತವರ ಬಳಿ ಸರಿಯಾದ ಗುರುತುಪತ್ರವಿದ್ದರೆ, ನಿಲ್ದಾಣದ ಬಾಗಿಲಲ್ಲಿ ಮಗುವಿನ ಗುರುತುಪತ್ರವನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಆದರೆ ವಯಸ್ಸಿಗೆ ಪುರಾವೆಯನ್ನು ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಕೇಳುತ್ತಾರೆ. ಜನನ ಪ್ರಮಾಣಪತ್ರದ ಪ್ರತಿ ಅಥವಾ ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಕೈಗೆ ಸಿಗುವಂತಿರಲಿ. ವಿದೇಶಕ್ಕೆ ಹೋಗುವುದಾದರೆ ನಿನ್ನೆ ಹುಟ್ಟಿದ ಕೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವೆಂಬುದನ್ನು ಮರೆತು ಕಡೆಯ ವಾರದಲ್ಲಿ ಪರದಾಡಿದವರನ್ನು ನಾವು ಕಂಡಿದ್ದೇವೆ.

ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂಬುದನ್ನೂ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಬೇಕು. ಮುಂಬಯಿಯ ಒಂದನೆಯ ಮತ್ತು ಎರಡನೆಯ ಟರ್ಮಿನಲ್‌ಗಳು ಬೇರೆ ಬೇರೆ ರಸ್ತೆಗಳಲ್ಲಿವೆ. 2025ರ ಡಿಸೆಂಬರಿನಿಂದ ನವಿ ಮುಂಬಯಿಯ ನಿಲ್ದಾಣದಿಂದಲೂ ವಿಮಾನಗಳು ಹೊರಡುತ್ತಿವೆ. ತಪ್ಪು ಬಾಗಿಲಲ್ಲಿ ಇಳಿದು, ಮಗು ಮತ್ತು ಮೂರು ಚೀಲಗಳೊಡನೆ ಮತ್ತೆ ಟ್ಯಾಕ್ಸಿ ಹುಡುಕುವ ಕಷ್ಟ ಶತ್ರುವಿಗೂ ಬೇಡ.

ತಪಾಸಣೆಯ ಸಾಲಿನಲ್ಲಿ

ಮಗುವನ್ನೂ ಏಕೆ ತಪಾಸಿಸುತ್ತಾರೆ ಎಂದು ಕೆಲವರು ಸಿಡುಕುವುದುಂಟು. ನಿಯಮಗಳ ಹಿಂದೆ ಕಹಿ ಅನುಭವಗಳಿವೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಸಾಮಾನಿನೊಳಗೆ ಇಟ್ಟಿದ್ದ ಬಾಂಬಿನಿಂದ ಅಟ್ಲಾಂಟಿಕ್ ಸಾಗರದ ಮೇಲೆ ಒಡೆದು 329 ಜನ ಮಡಿದರು. ಅವರಲ್ಲಿ ರಜೆಗೆ ಭಾರತಕ್ಕೆ ಬರುತ್ತಿದ್ದ ಮಕ್ಕಳೂ ಅನೇಕರಿದ್ದರು. ಆ ಬಳಿಕ 1987ರಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆ ನಮ್ಮ ದೇಶದಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ಹೊರಟ ವಿಮಾನದ ಅಪಹರಣವಾದ ಮೇಲೆ, 2000ದಲ್ಲಿ ಜೈಪುರದಿಂದ ಮೊದಲುಗೊಂಡು ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸಲಾಯಿತು. ಇಂದು ಯಂತ್ರದ ಬಳಿ ನಿಂತು ನಮ್ಮ ಚೀಲವನ್ನು ತೆರೆಸುವವರಲ್ಲಿ ಹೆಚ್ಚಿನವರು ಆ ಪಡೆಯವರೇ.

ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಒಂದೇ: ತಪಾಸಣೆಯ ಬಾಗಿಲನ್ನು ಮಗು ಬರಿಯ ಮಗುವಾಗಿ ದಾಟಬೇಕು. ತಳ್ಳುಗಾಡಿ, ಎದೆಗೆ ಕಟ್ಟಿಕೊಳ್ಳುವ ಜೋಳಿಗೆ, ಹೊದಿಕೆ, ಕೈಯಲ್ಲಿರುವ ಗೊಂಬೆ – ಇವೆಲ್ಲವೂ ಎಕ್ಸ್-ರೇ ಯಂತ್ರದ ಪಟ್ಟಿಯ ಮೇಲೆ ಹೋಗುತ್ತವೆ. ಮಗು ಹಿರಿಯರ ತೋಳಿನಲ್ಲಿ ಅಥವಾ ಕೈ ಹಿಡಿದು ನಡೆದು ಬರುತ್ತದೆ. ನಿದ್ರಿಸುತ್ತಿದ್ದರೂ ಎತ್ತಲೇಬೇಕು. ಸಾಲಿನ ತುದಿ ತಲಪಿದ ಮೇಲೆ ಈ ಕೆಲಸವನ್ನೆಲ್ಲ ಆರಂಭಿಸಿದರೆ ಹಿಂದಿನವರ ಗೊಣಗಾಟ, ಮುಂದಿನವರ ಅವಸರ, ನಡುವೆ ಮಗುವಿನ ಅಳು. ಇನ್ನೂ ಐದಾರು ಜನರು ಮುಂದಿರುವಾಗಲೇ ಗಾಡಿಗೆ ತೂಗುಹಾಕಿದ ಚೀಲಗಳನ್ನು ಕಳಚಿ, ಗೊಂಬೆಯನ್ನು ಚೀಲದೊಳಗೆ ಮಲಗಿಸಿ, ಮಗುವನ್ನು ಎತ್ತಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಒಂದು ಕೈಯಿಂದ ಗಾಡಿಯನ್ನು ಮಡಚುವ ಅಭ್ಯಾಸವನ್ನು ಮನೆಯಲ್ಲಿಯೇ ನಾಲ್ಕು ಸಲ ಮಾಡಿ ನೋಡಬೇಕು. ಇದು ನಗುವ ಮಾತಲ್ಲ.

ನಮ್ಮದೇ ಪಾಡನ್ನು ಹೇಳುವುದಾದರೆ, ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದ ಸುದ್ದಿ ಬಂದು, ಒಂದೂವರೆ ವರ್ಷದ ಮಗಳೊಡನೆ ನಸುಕಿನ ವಿಮಾನಕ್ಕೆ ಓಡಿದ್ದೆವು. ನಮ್ಮ ದೇಶದ ನಿಲ್ದಾಣಗಳಲ್ಲಿ ಗಂಡಸರಿಗೂ ಹೆಂಗಸರಿಗೂ ತಪಾಸಣೆ ಪ್ರತ್ಯೇಕ. ಹೆಂಗಸರನ್ನು ತೆರೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಮಗು ತಾಯಿಯ ತೋಳಿನಲ್ಲಿತ್ತು, ಮೂವರ ಬೋರ್ಡಿಂಗ್ ಪಾಸುಗಳು ತಂದೆಯ ಜೇಬಿನಲ್ಲಿದ್ದವು, ತಂದೆ ಆಗಲೇ ಆಚೆ ತಲಪಿಯಾಗಿತ್ತು. ಪಾಸಿಲ್ಲದೆ ಬಿಡುವಂತಿಲ್ಲವೆಂದು ಸಿಬ್ಬಂದಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೂಗಿ ಕರೆದು, ಪಾಸು ತರಿಸಿಕೊಂಡು, ಅಳುವ ಮಗಳನ್ನು ಹೊತ್ತು ವಿಮಾನ ಹತ್ತಿದಾಗ ಹಾಲಿನ ಫ್ಲಾಸ್ಕು ಟ್ರೇಯಲ್ಲಿಯೇ ಉಳಿದಿತ್ತು. ಅಜ್ಜ ಮೊಮ್ಮಗಳನ್ನು ಕಂಡರು, ಅದೊಂದು ಸಮಾಧಾನ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ: ಮಗುವನ್ನು ಎತ್ತಿಕೊಂಡವರ ಕೈಯಲ್ಲಿಯೇ ಮಗುವಿನ ಪಾಸು ಇರಬೇಕು. ಮತ್ತೊಬ್ಬರು ಸಾಮಾನನ್ನು ಪಟ್ಟಿಗೇರಿಸಿ ಮೊದಲು ಆಚೆ ಹೋಗಿ, ಟ್ರೇಗಳನ್ನು ಎಣಿಸಿ ತೆಗೆದುಕೊಳ್ಳಬೇಕು.

ಒಬ್ಬಳೇ ಹೊರಟ ತಾಯಿ ಸಂಕೋಚಪಡದೆ ಸಿಬ್ಬಂದಿಯ ಸಹಾಯ ಕೇಳಬೇಕು. ಕೇಳಿದರೆ ಗಾಡಿಯನ್ನು ಎತ್ತಿಕೊಡುವವರು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತಾರೆ. ಭುಜಕ್ಕೆ ಒಂದೇ ಚೀಲ, ಕಿವಿಯಲ್ಲಿ ಕೈಯಲ್ಲಿ ಕನಿಷ್ಠ ಒಡವೆ, ಸುಲಭವಾಗಿ ಕಳಚುವ ಪಾದರಕ್ಷೆ ಇದ್ದರೆ ಮೇಲು.

ಮಗುವಿನ ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆ, ತಾಯಿತ ಇವುಗಳಿಂದ ಲೋಹಶೋಧಕ ಕೂಗಬಹುದು. ಗಾಬರಿ ಬೇಡ. ಕೈಯಲ್ಲಿ ಹಿಡಿಯುವ ಸಾಧನವನ್ನು ಒಮ್ಮೆ ಆಡಿಸಿ, ಬೇಕಾದರೆ ಅಂಗಿ ಸರಿಸಿ ನೋಡಿ ಬಿಡುತ್ತಾರೆ. ಆ ಬಾಗಿಲಲ್ಲಿಯೂ ಕೈಸಾಧನದಲ್ಲಿಯೂ ಇರುವುದು ಕಾಂತಕ್ಷೇತ್ರ ಮಾತ್ರ. ಎಕ್ಸ್-ರೇ ಕಿರಣಗಳಿರುವುದು ಸಾಮಾನಿನ ಯಂತ್ರದಲ್ಲಿ. ಅದರೊಳಗೆ ಹಾದುಬಂದ ಹಾಲನ್ನು ಮಗುವಿಗೆ ಕುಡಿಸಲು ಅಡ್ಡಿಯಿಲ್ಲ. ಆದರೆ ಕುತೂಹಲದ ಮಗು ಚಲಿಸುವ ಪಟ್ಟಿಯ ಮೇಲೆ ಹತ್ತದಂತೆ ಒಂದು ಕಣ್ಣು ಸದಾ ಇರಲಿ.

ಹಾಲು, ನೀರು, ಊರಿನ ಗಂಟು

ದ್ರವಗಳ ಮೇಲಿನ ನಿರ್ಬಂಧಕ್ಕೆ ಕಾರಣ 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚು. ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಮೆರಿಕದ ವಿಮಾನಗಳನ್ನು ಉಡಾಯಿಸುವ ಯೋಜನೆ ಅದಾಗಿತ್ತು. ಆ ದಿನಗಳಲ್ಲಿ ಬ್ರಿಟನ್ನಿನ ನಿಲ್ದಾಣಗಳಲ್ಲಿ ತಾಯಂದಿರು ಮಗುವಿನ ಹಾಲನ್ನು ಸಿಬ್ಬಂದಿಯ ಎದುರಿಗೆ ತಾವೇ ರುಚಿ ನೋಡಿ ತೋರಿಸಬೇಕಾಗಿತ್ತು. ಬಳಿಕ ಅಂತರರಾಷ್ಟ್ರೀಯ ಪ್ರಯಾಣಕ್ಕೆ 100 ಮಿಲಿಲೀಟರಿನ ಮಿತಿ ಬಂತು. ಶಿಶುವಿನ ಹಾಲು, ಆಹಾರ ಮತ್ತು ಅಗತ್ಯದ ಔಷಧಿಗಳಿಗೆ ಪ್ರಯಾಣಕ್ಕೆ ಬೇಕಾದಷ್ಟು ವಿನಾಯಿತಿ ಇದೆ. ಆದರೆ ಅವುಗಳನ್ನು ಕೇಳುವ ಮೊದಲೇ ಹೊರತೆಗೆದು ತೋರಿಸಬೇಕು. ಮುಚ್ಚಳ ತೆರೆಯಿರಿ ಎಂದರೂ, ಒಂದು ಗುಟುಕು ಕುಡಿಯಿರಿ ಎಂದರೂ ಬೇಸರಿಸಬಾರದು. ರಾಗಿ ಸರಿಯ ಹಿಟ್ಟನ್ನು ಹಳೆಯ ಡಬ್ಬಿಯಲ್ಲಿ ತುಂಬಿ ತರುವುದಕ್ಕಿಂತ ಪಾರದರ್ಶಕ ಡಬ್ಬಿಯಲ್ಲಿ ತಂದರೆ ಪ್ರಶ್ನೆಗಳು ಕಡಿಮೆ. ಜ್ವರದ ಔಷಧಿಯೊಡನೆ ವೈದ್ಯರ ಚೀಟಿಯಿರಲಿ.

ಹಿಂದಿರುಗುವಾಗಿನ ಗಂಟಿನ ಬಗ್ಗೆ ಒಂದೆರಡು ಮಾತು. ಜಾತ್ರೆಯಲ್ಲಿ ಕೊಡಿಸಿದ ಆಟಿಕೆಯ ಪಿಸ್ತೂಲನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅದನ್ನು ಮಗುವಿನ ಕಣ್ಣೆದುರಿಗೆ ತೆಗೆದಿಟ್ಟಾಗ ಏಳುವ ರಂಪವನ್ನು ಯಾವ ಅಧಿಕಾರಿಯೂ ತಡೆಯಲಾರ. ದೇವಸ್ಥಾನದ ತೆಂಗಿನಕಾಯಿಗೂ ಸಾಮಾನ್ಯವಾಗಿ ಕೈಚೀಲದಲ್ಲಿ ಅವಕಾಶವಿಲ್ಲ. 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಗಳ ಇರುಮುಡಿಗೆ ಕೊಟ್ಟ ರಿಯಾಯಿತಿ ಆ ಯಾತ್ರೆಯ ಋತುವಿಗೆ ಸೀಮಿತವಾಗಿತ್ತು. ಒಣ ಕೊಬ್ಬರಿಯಂತೂ ಎಣ್ಣೆಯಂಶದಿಂದ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ನಿಷಿದ್ಧ. ಮೊಬೈಲಿನ ಪವರ್ ಬ್ಯಾಂಕ್ ಇದಕ್ಕೆ ವಿರುದ್ಧ: ಅದು ಕೈಚೀಲದಲ್ಲಿಯೇ ಇರಬೇಕು, ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಮಡಿಲೋ, ಆಸನವೋ

ಇದು ಹಣದ ಪ್ರಶ್ನೆಯಾದ್ದರಿಂದ ಜನ ಹೆಚ್ಚು ಯೋಚಿಸುವುದಿಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ನೆಲಕ್ಕಪ್ಪಳಿಸಿತು. ಅದರಲ್ಲಿ ಮಡಿಲಿನಲ್ಲಿ ಪ್ರಯಾಣಿಸುತ್ತಿದ್ದ ನಾಲ್ಕು ಮಕ್ಕಳಿದ್ದರು. ಅಂದಿನ ಸೂಚನೆಯಂತೆ ಅವರನ್ನು ನೆಲದ ಮೇಲಿರಿಸಿ ಹಿಡಿದುಕೊಳ್ಳಲು ಹೇಳಲಾಗಿತ್ತು. ಅವರಲ್ಲೊಂದು ಮಗು ಉಳಿಯಲಿಲ್ಲ. ಹಾಗೆ ಸೂಚನೆ ಕೊಟ್ಟ ಗಗನಸಖಿ ಮುಂದೆ ಅನೇಕ ವರ್ಷ ಪ್ರತಿ ಮಗುವಿಗೂ ಆಸನ ಕಡ್ಡಾಯವಾಗಬೇಕೆಂದು ಹೋರಾಡಿದರು. ಅಮೆರಿಕದ ವಿಮಾನಯಾನ ಇಲಾಖೆ ಪ್ರತ್ಯೇಕ ಆಸನವೇ ಕ್ಷೇಮವೆಂದು ಒಪ್ಪುತ್ತದೆಯಾದರೂ ಕಡ್ಡಾಯ ಮಾಡಿಲ್ಲ. ಖರ್ಚು ಹೆಚ್ಚಿದರೆ ಕುಟುಂಬಗಳು ರಸ್ತೆ ಹಿಡಿಯುತ್ತವೆ, ರಸ್ತೆಯಲ್ಲಿ ಅಪಾಯ ಇನ್ನೂ ಹೆಚ್ಚು ಎಂಬುದು ಅದರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ದೂರದ ಪ್ರಯಾಣಕ್ಕೆ, ಕೈಗೆಟಕುವುದಾದರೆ, ಒಂದೂವರೆ ವರ್ಷ ದಾಟಿದ ಮಗುವಿಗೆ ಆಸನ ಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮಡಿಲಲ್ಲಿ ಕೂರಿಸಿಕೊಂಡರೆ ಗಗನಸಖಿ ಕೊಡುವ ಚಿಕ್ಕ ಪಟ್ಟಿಯನ್ನು ನಮ್ಮ ಪಟ್ಟಿಗೆ ಪೋಣಿಸಿ ಮಗುವಿಗೆ ಕಟ್ಟಬೇಕು. ಇಬ್ಬರಿಗೂ ಸೇರಿಸಿ ಒಂದೇ ಪಟ್ಟಿಯನ್ನು ಸುತ್ತಲೇಬಾರದು.

ಎರಡು ದಾಟಿದ ಮಕ್ಕಳ ಆಸನ ತಂದೆತಾಯಿಯಿಂದ ದೂರ ಬೀಳುವ ಕಿರಿಕಿರಿಯೂ ಇತ್ತು. ಹನ್ನೆರಡು ವರ್ಷದೊಳಗಿನವರಿಗೆ, ಒಂದೇ ಟಿಕೇಟಿನಲ್ಲಿರುವ ಹೆತ್ತವರಲ್ಲಿ ಒಬ್ಬರ ಪಕ್ಕದಲ್ಲಾದರೂ ಸ್ಥಳ ಕೊಡಬೇಕೆಂದು 2024ರ ಏಪ್ರಿಲಿನಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಸಂಸ್ಥೆಗಳಿಗೆ ಸೂಚಿಸಿತು.

ಕಿವಿಯ ನೋವು

ಮಗು ಅಳುವುದು ಹೆಚ್ಚಾಗಿ ವಿಮಾನ ಇಳಿಯುವಾಗ. ಮೂಗಿನ ಹಿಂಭಾಗವನ್ನು ನಡುಗಿವಿಗೆ ಸೇರಿಸುವ ನಾಳ ಮಕ್ಕಳಲ್ಲಿ ಕಿರಿದು, ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ಕೆಳಗಿಳಿಯುತ್ತ ಒಳಗಿನ ಗಾಳಿಯ ಒತ್ತಡ ಏರಿದಾಗ ಅದು ಬೇಗ ತೆರೆದುಕೊಳ್ಳುವುದಿಲ್ಲ. ನುಂಗುವ ಕ್ರಿಯೆ ಅದನ್ನು ತೆರೆಯುತ್ತದೆ. ಆದುದರಿಂದ ಹೊರಡುವ ಮೊದಲೇ ಹೊಟ್ಟೆ ತುಂಬಿಸಿಬಿಡದೆ, ಇಳಿಯಲು ಸುಮಾರು ಅರ್ಧ ಗಂಟೆ ಇರುವಾಗಿನಿಂದ ಮೊಲೆಹಾಲೋ ನೀರೋ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಆ ಹೊತ್ತಿನಲ್ಲಿ ಮಗು ನಿದ್ರಿಸುತ್ತಿದ್ದರೆ ಮೆಲ್ಲನೆ ಎಬ್ಬಿಸುವುದು ಒಳಿತು. ನೆಗಡಿ ಜೋರಾಗಿದ್ದರೆ ವೈದ್ಯರನ್ನು ಕಂಡೇ ಹೊರಡಬೇಕು. ನಿದ್ದೆ ಬರಲೆಂದು ನೆಗಡಿಯ ಸಿರಪ್ಪು ಕುಡಿಸುವ ಪದ್ಧತಿ ನಮ್ಮಲ್ಲಿ ಕೆಲವರಲ್ಲಿದೆ. ಅದು ಅಪಾಯಕರ. ಕೆಲವು ಮಕ್ಕಳಲ್ಲಿ ಅದರಿಂದ ನಿದ್ದೆಗೆ ಬದಲು ಚಡಪಡಿಕೆಯೇ ಹೆಚ್ಚುತ್ತದೆ.

ವಿಮಾನದ ಬಾಗಿಲಲ್ಲಿ ಒಪ್ಪಿಸಿದ ತಳ್ಳುಗಾಡಿ ಇಳಿದಾಗ ಬಾಗಿಲಿಗೇ ಬರುವುದೋ, ಸಾಮಾನಿನ ಪಟ್ಟಿಗೆ ಬರುವುದೋ ಎಂಬುದನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಬೇಕು. ಪಟ್ಟಿಗೇ ಬರುವುದಾದರೆ ಅಲ್ಲಿಯವರೆಗೆ ಮಗುವನ್ನು ಹೊತ್ತೇ ನಡೆಯಬೇಕು. ಕೈಚೀಲವನ್ನು ಹಗುರಾಗಿಡಲು ಇದೂ ಒಂದು ಕಾರಣ.