ಎಂಬತ್ತಮೂರು ಮಂದಿಯ ಊರು

ಗಿರಮಿಟ್ ಕೂಲಿಗಳ ಕಥೆಯನ್ನು ನಾವು ಮರುಕದಿಂದ ಓದುತ್ತೇವೆ. ಅವರಿಗಿಂತ ಮೊದಲು ಅದೇ ಕಬ್ಬಿನ ತೋಟಗಳಲ್ಲಿ ದುಡಿದ ಆಫ್ರಿಕನ್ನರ ಕಡೆಯಿಂದ ಅದನ್ನು ಓದುವುದು ಅಪರೂಪ.

1838ರ ಆಗಸ್ಟ್ 1ರಂದು ಬ್ರಿಟಿಷ್ ಗಯಾನಾದ ಗುಲಾಮರು ಪೂರ್ಣ ಬಿಡುಗಡೆ ಹೊಂದಿದರು. ಪರಿಹಾರಧನ ಸಂದದ್ದು ಒಡೆಯರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ, ಮಲಗುವ ಗುಡಿಸಲೂ ತೋಟದ್ದೇ. ಆದರೂ ಮರುವರ್ಷದ ನವೆಂಬರಿನಲ್ಲಿ ಐದು ತೋಟಗಳ 83 ಮಂದಿ ಕೂಡಿ ನಾರ್ತ್‌ಬ್ರೂಕ್ ಎಂಬ ತೋಟವನ್ನೇ 30,000 ಗಿಲ್ಡರಿಗೆ ಕೊಂಡರು. ಕಡ್ಡಾಯದ ದುಡಿಮೆ ಮುಗಿದ ಮೇಲೆ ಹೆಚ್ಚುವರಿ ಕೆಲಸಕ್ಕೆ ದೊರೆತ ಕೂಲಿಯಲ್ಲಿ ಉಳಿಸಿದ ಹಣವದು. ನಾಣ್ಯಗಳನ್ನು ಕೈಗಾಡಿಗಳಲ್ಲಿ ತುಂಬಿ ತಳ್ಳಿಕೊಂಡು ಹೋದರೆಂಬುದು ಅಲ್ಲಿನ ಐತಿಹ್ಯ. ಊರಿಗೆ ವಿಕ್ಟೋರಿಯಾ ಎಂದು ಹೆಸರಿಟ್ಟರು. (ಒಡೆಯರ ರಾಣಿಯ ಹೆಸರೇ ಏಕೆಂದು ನಮಗೆ ಅನ್ನಿಸದಿರದು.) ಕರಾವಳಿಯುದ್ದಕ್ಕೂ ಇಂಥ ಊರುಗಳೆದ್ದವು.

ತೋಟದ ಒಡೆಯರಿಗೆ ಬೇಕಿದ್ದುದು ನೆರೆಯ ರೈತರಲ್ಲ, ಅಗ್ಗದ ಆಳು. 1850ರ ದಶಕದ ಕಾಯಿದೆಗಳು ಕೂಡಿ ನೆಲ ಕೊಳ್ಳುವವರ ಸಂಖ್ಯೆಗೇ ಮಿತಿ ಹಾಕಿದವು. ಸಮುದ್ರಮಟ್ಟಕ್ಕಿಂತ ತಗ್ಗಾದ ಆ ನೆಲದಲ್ಲಿ ಒಡ್ಡು, ಕಾಲುವೆ, ತೂಬುಗಳ ವೆಚ್ಚವೇ ಹಳ್ಳಿಗರನ್ನು ಹಣ್ಣುಮಾಡಿತು. ಹೊಲದ ಜೊತೆಗೆ ತೋಟದ ಕೂಲಿಯನ್ನೂ ನೆಚ್ಚಿದ್ದ ಅವರು, ಕೂಲಿ ಕಡಿತದ ವಿರುದ್ಧ 1848ರಲ್ಲಿ ಹೂಡಿದ ಮುಷ್ಕರ ಅದಕ್ಕೂ ಮೊದಲೇ ಮುರಿದುಬಿದ್ದಿತ್ತು: ಕರಾರಿನ ಕೂಲಿಗಳು ಕೆಲಸ ನಿಲ್ಲಿಸಲಿಲ್ಲ. ಆ ಕೂಲಿಗಳಲ್ಲಿ ಭಾರತದಿಂದ ಹಡಗೇರಿ ಹೋದವರೂ ಇದ್ದರು. ಕರಾರು ಮುರಿದರೆ ಅವರಿಗೆ ಸೆರೆಮನೆ ಕಾದಿತ್ತು.