ಹಂಚಿನ ಕಾರ್ಖಾನೆಯ ಇತಿಹಾಸ ಮತ್ತು ವಾಣಿಜ್ಯದ ಧರ್ಮ

ನಮ್ಮ ಕುಟುಂಬಗಳ ಅನೇಕ ತರುಣ ತರುಣಿಯರು ಇಂದು ಅಂತಾರಾಷ್ಟ್ರೀಯ ವಾಣಿಜ್ಯವನ್ನು ವ್ಯಾಸಂಗ ಮಾಡುತ್ತಿದ್ದಾರೆ. ಬಹುರಾಷ್ಟ್ರೀಯ ಕಂಪನಿಯೊಂದರ ಬಂಡವಾಳ ಎಲ್ಲಿಂದ ಬರುತ್ತದೆ, ನಿರ್ಧಾರ ಎಲ್ಲಿ ಆಗುತ್ತದೆ, ಲಾಭ ಯಾರಿಗೆ ಸಲ್ಲುತ್ತದೆ ಎಂಬುವು ಆ ಶಾಸ್ತ್ರದ ಮೂಲಭೂತ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಅರಸಿ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹಂಚೇ ಅಂತಹ ಒಂದು ಕಂಪನಿಯ ಕಥೆಯನ್ನು ಹೇಳುತ್ತದೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಮತಾಂತರ ಹೊಂದಿದವರಲ್ಲಿ ಅನೇಕರು ಮನೆತನದ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡರು. ಅವರಿಗೆ ಜೀವನೋಪಾಯವನ್ನು ಕಲ್ಪಿಸಲು ಮಿಷನ್ ನೇಯ್ಗೆ ಮೊದಲಾದ ಉದ್ಯಮಗಳಿಗೆ ಕೈಹಾಕಿತು. 1841ರಲ್ಲಿ ಮುದ್ರಣಾಲಯ ಆರಂಭವಾಯಿತು. 1851ರಲ್ಲಿ ನೇಯ್ಗೆಯ ಹೊಣೆ ಹೊತ್ತು ಬಂದ ಜಾನ್ ಹಾಲರ್ ಅವರ ಹೆಸರು ಖಾಕಿ ಬಣ್ಣದೊಡನೆ ಬೆಸೆದುಕೊಂಡಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ಜೇಡಿಮಣ್ಣು ಇಲ್ಲಿಯದು, ಒಂದಕ್ಕೊಂದು ಕೂಡಿಕೊಳ್ಳುವ ಹಂಚಿನ ಮಾದರಿ ಯುರೋಪಿನದು, ದುಡಿಮೆ ನಮ್ಮ ಜನರದು. ಮುಳಿಹುಲ್ಲಿನ ಮಾಡುಗಳಿಗೆ ಬೆಂಕಿಯ ಭಯವಿದ್ದ ಕಾಲದಲ್ಲಿ ಈ ಹಂಚು ಬೇಗನೆ ಜನಪ್ರಿಯವಾಯಿತು.

ವ್ಯಾಪಾರದ ಸಲುವಾಗಿ 1859ರಲ್ಲಿಯೇ ಬಾಸೆಲ್‌ನಲ್ಲಿ ಪ್ರತ್ಯೇಕ ಬಂಡವಾಳದ ವ್ಯಾಪಾರ ಕಂಪನಿಯೊಂದು ರೂಪುಗೊಂಡಿತ್ತು. ಇಂದು ಘಾನಾ ಎನಿಸಿರುವ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿಯೂ ಅದರ ವಹಿವಾಟು ನಡೆಯುತ್ತಿತ್ತು. ಅಲ್ಲಿಂದ ಕೋಕೋ ರಫ್ತಾಗುತ್ತಿತ್ತು. ಬಂಡವಾಳ, ತಂತ್ರಜ್ಞಾನ, ಆಡಳಿತ ಒಂದು ದೇಶದವು. ಕಾರ್ಖಾನೆ, ಮಳಿಗೆಗಳು ಬೇರೆ ದೇಶಗಳಲ್ಲಿ. ಬಹುರಾಷ್ಟ್ರೀಯ ಕಂಪನಿಯ ಲಕ್ಷಣಗಳೆಲ್ಲವೂ ಅದರಲ್ಲಿದ್ದವು.

ಈ ಕಂಪನಿಯ ಎರಡು ನಿಯಮಗಳು ಗಮನಾರ್ಹವಾಗಿವೆ. ಪಾಲುದಾರರ ಲಾಭಾಂಶಕ್ಕೆ ಮಿತಿಯನ್ನು ಗೊತ್ತುಪಡಿಸಿ, ಅದನ್ನು ಮೀರಿದ ಲಾಭದಲ್ಲಿ ಮಿಷನ್ನಿಗೆ ಪಾಲು ಕೊಡಲಾಗುತ್ತಿತ್ತು. ಆಫ್ರಿಕದ ಕರಾವಳಿಯಲ್ಲಿ ಇತರ ವರ್ತಕರು ಮದ್ಯದಿಂದ ಹೇರಳ ಹಣ ಗಳಿಸುತ್ತಿದ್ದಾಗಲೂ ಈ ಕಂಪನಿ ಅದರ ವ್ಯಾಪಾರಕ್ಕೆ ಇಳಿಯಲಿಲ್ಲ. ಪರಿಗ್ರಹಕ್ಕೆ ಪರಿಮಿತಿಯನ್ನು ಹಾಕಿಕೊಳ್ಳಬೇಕೆಂದು ಹಿರಿಯರಿಂದ ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ವಿಚಾರವೇನಲ್ಲ. ಗಳಿಕೆಗೆ ಮಿತಿಯಿಟ್ಟೂ ವ್ಯಾಪಾರ ನಡೆಸಬಹುದೆಂಬುದಕ್ಕೆ ಇದು ಸಾಕ್ಷಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಕಾರ್ಖಾನೆಯ ಕೆಲಸಗಾರನಿಗೆ ಕೂಲಿ ಕೊಡುವವರೂ ಅವನ ಸಭೆಯನ್ನು ನಡೆಸುವವರೂ ಒಂದೇ ಬಳಗದವರಾಗಿದ್ದರು. ಒಡೆಯನ ಅಸಮಾಧಾನಕ್ಕೆ ಪಾತ್ರನಾದರೆ ಹೋಗಲು ಬೇರೆ ಆಸರೆಯಿಲ್ಲದ ಸ್ಥಿತಿ ಅದು. ಉದ್ದೇಶ ಒಳ್ಳೆಯದಾಗಿದ್ದರೂ ಅಧಿಕಾರವೆಲ್ಲವೂ ಒಂದೇ ಕೈಯಲ್ಲಿದ್ದರೆ ಆಶ್ರಯವೇ ಅವಲಂಬನೆಯಾಗುತ್ತದೆ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಈ ದೌರ್ಬಲ್ಯ ಬಯಲಾಯಿತು. ಸಂಸ್ಥೆ ಸ್ವಿಟ್ಜರ್‌ಲೆಂಡಿನದಾದರೂ ಅದರಲ್ಲಿ ಜರ್ಮನರು ಬಹಳ ಮಂದಿ ಇದ್ದುದರಿಂದ ಬ್ರಿಟಿಷ್ ಸರ್ಕಾರ ಅದನ್ನು ಸಂಶಯದಿಂದ ನೋಡಿತು, ಜರ್ಮನರನ್ನು ಬಂಧನದಲ್ಲಿರಿಸಿತು. 1919ರಲ್ಲಿ ಕಂಪನಿಯ ಭಾರತದ ಆಸ್ತಿಗಳು ಲಂಡನ್ನಿನಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ತಲೆಮಾರುಗಳಿಂದ ಜೇಡಿಮಣ್ಣನ್ನು ಹದಗೊಳಿಸಿದ ಜೆಪ್ಪುವಿನ ಕೆಲಸಗಾರರಿಗೆ ಆ ತೀರ್ಮಾನದಲ್ಲಿ ಯಾವ ಪಾತ್ರವೂ ಇರಲಿಲ್ಲ. ಒಡೆತನ ಬಾಸೆಲ್‌ನಿಂದ ಲಂಡನ್ನಿಗೆ ಸಾಗಿತು, ಮಂಗಳೂರಿಗೆ ಬರಲಿಲ್ಲ.

ಹಾಗಾದರೆ ಊರಿಗೆ ಉಳಿದುದೇನು? ವಿದ್ಯೆ. ಜೆಪ್ಪುವಿನ ಕಾರ್ಖಾನೆ ಆರಂಭವಾದ ಮೂರು ವರ್ಷಗಳಲ್ಲಿಯೇ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಅವರ ಹಂಚಿನ ಕಾರ್ಖಾನೆ ತಲೆಯೆತ್ತಿತು. ಅನಂತರ ನೇತ್ರಾವತಿ, ಗುರುಪುರ ನದಿಗಳ ದಂಡೆಗಳಲ್ಲಿ ಊರವರೇ ಒಡೆಯರಾದ ಅನೇಕ ಕಾರ್ಖಾನೆಗಳು ಎದ್ದವು. ಒಡೆತನವನ್ನು ಸರ್ಕಾರದ ಒಂದು ಆಜ್ಞೆಯಿಂದ ಕಸಿದುಕೊಳ್ಳಬಹುದು. ಕಲಿತ ಕೈಯಿಂದ ಕಸುಬನ್ನು ಕಸಿದುಕೊಳ್ಳಲಾಗದು.

ಬಸದಿಗಳ ಹಾಗೂ ವಿದ್ಯಾಸಂಸ್ಥೆಗಳ ಆಡಳಿತವನ್ನು ಹೊತ್ತಿರುವ ಮೊಕ್ತೇಸರರೂ ಇದನ್ನು ಆಲೋಚಿಸಬೇಕು. ಹಣ ಸದ್ವಿನಿಯೋಗವಾದರೆ ಸಾಲದು. ನಿರ್ಧಾರದ ಪರಿಣಾಮವನ್ನು ಅನುಭವಿಸುವವರಿಗೆ ಆ ನಿರ್ಧಾರದಲ್ಲಿ ಮಾತಿರಬೇಕು. ವಿದೇಶೀ ಕಂಪನಿಗಳಲ್ಲಿ ಉದ್ಯೋಗವನ್ನು ಅರಸುವ ನಮ್ಮ ಮಕ್ಕಳು ಸಂಬಳವೆಷ್ಟೆಂದು ಕೇಳುವುದು ಸಹಜವೇ. ಅದರೊಡನೆ, ಇಲ್ಲಿ ಮಾಡಬಾರದೆಂದು ನೀವು ನಿಶ್ಚಯಿಸಿರುವ ವ್ಯಾಪಾರ ಯಾವುದು, ನಷ್ಟದ ದಿನ ಮೊದಲು ಭಾರ ಹೊರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ಕೇಳಲಿ. ವಾಣಿಜ್ಯಶಾಸ್ತ್ರದ ವ್ಯಾಸಂಗ ಸಾರ್ಥಕವಾಗುವುದು ಆಗಲೇ.